ನಲವತ್ತು ಗ್ರಾಂ

ನವೆಂಬರ್ ಬಂತೆಂದರೆ ನಮ್ಮ ಸ್ವರ್ಲಿಗ್ ಊರಿನ ಜನಕ್ಕೆಲ್ಲ ಒಟ್ಟಿಗೇ ಜ್ಞಾನೋದಯವಾಗುತ್ತದೆ. ಅಕ್ಟೋಬರ್ ಪೂರ್ತಿ ಬಿಸಿಲು ಕಾಯಿಸಿಕೊಂಡು ಕಾಫಿ ಕುಡಿಯುತ್ತ ಕೂತವರು, ಒಂದು ಬೆಳಿಗ್ಗೆ ಬೆಟ್ಟದ ನೆತ್ತಿ ಬೆಳ್ಳಗಾದದ್ದು ಕಂಡಿದ್ದೇ ತಡ, ಹಿಮದಲ್ಲಿ ಜಾರದ ಚಳಿಗಾಲದ ಟೈರು ಹಾಕಿಸಬೇಕು ಅಂತ ಜಿವೋಟಾನ ಅಂಗಡಿ ಮುಂದೆ ಬಂದು ಬೀಳುತ್ತಾರೆ. ನಿಶ್ ಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ ಅವನ ಅಂಗಡಿ. ಹಿಂದುಗಡೆ ಮನೆ. ಕಾರುಗಳ ಸಾಲು ಪೆಟ್ರೋಲ್ ಬಂಕು ಮುಟ್ಟಿರುತ್ತದೆ, ಸಾಲಿನಲ್ಲಿರುವ ಪ್ರತಿಯೊಬ್ಬನೂ "ಮೇಸ್ತ್ರಿ, ನಂದು ಐದೇ ನಿಮಿಷದ ಕೆಲಸ" ಅಂತ ಹೇಳಿಯೇ ಹೇಳುತ್ತಾನೆ. ಜಿವೋಟಾ ಯಾರಿಗೂ ಉತ್ತರ ಕೊಡುವುದಿಲ್ಲ. ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ಬೋಲ್ಟು ಬಿಚ್ಚುವುದು ಸಲೀಸು.

ಐವತ್ತಾರು ವರ್ಷದ ಆಸಾಮಿ. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿಲ್ಲ. ಮೇಲಿನ ಬೀದಿಯಲ್ಲಿ ಸ್ಪಾಸಾ ಅಂತ ಒಬ್ಬಳು ಅಕ್ಕ, ವಾರಕ್ಕೆರಡು ಸಲ ಸಾರು ತಂದಿಟ್ಟು, ಜೊತೆಗೆ ನಾಲ್ಕು ಮಾತು ಬೈದು ಹೋಗುತ್ತಾಳೆ. ಇಷ್ಟೇ ಅವನ ಸಂಸಾರ ಅಂತ ಊರು ತಿಳಿದಿತ್ತು. ಆದರೆ ಅವನೊಳಗೆ ಇನ್ನೊಂದು ಲೆಕ್ಕ ನಡೆಯುತ್ತಿತ್ತು, ಅದು ಊರಿಗೆ ಗೊತ್ತಿರಲಿಲ್ಲ.

ದೋಬ್ರಿಲಾ ಅಂತ ಒಬ್ಬಳು, ಹಳ್ಳಿಗಳಿಗೆ ಹೋಗುವ ನರ್ಸು. ಬೆಟ್ಟದ ಮೇಲಿನ ಮನೆಮನೆಗೆ ತನ್ನ ಪುಟ್ಟ ನೀಲಿ ಕಾರಿನಲ್ಲಿ ಹೋಗಿ, ಮುದುಕಿಯರ ಬಿಪಿ ನೋಡಿ, ಇಂಜೆಕ್ಷನ್ ಚುಚ್ಚಿ, ಅವರ ಗೋಳು ಕೇಳಿಸಿಕೊಂಡು ಬರುವವಳು. ಗಂಡ ವಿಯೆನ್ನಾಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿ, ಇವಳಿಗೆ ಅಂಚೆಯಲ್ಲಿ ವಿಚ್ಛೇದನದ ಕಾಗದ ಕಳಿಸಿ ಕೈ ತೊಳೆದುಕೊಂಡಿದ್ದ. ಅವಳು ಜಿವೋಟಾನ ಅಂಗಡಿಗೆ ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ನವೆಂಬರ್‌ನಲ್ಲಿ ಚಳಿಗಾಲದ ಟೈರು ಹಾಕಿಸಲು, ಏಪ್ರಿಲ್‌ನಲ್ಲಿ ಬೇಸಿಗೆಯದು ಹಾಕಿಸಲು. ಬಿಚ್ಚಿದ ನಾಲ್ಕು ಚಕ್ರ ಅವನ ಅಟ್ಟದಲ್ಲೇ ಉಳಿಯುತ್ತಿದ್ದವು, ಮುಂದಿನ ಕಾಲದವರೆಗೆ. ಊರಿನ ಅರ್ಧ ಚಕ್ರಗಳು ಇರುವುದೂ ಅಲ್ಲೇ. ಬೇರೆಯವರ ಚಕ್ರಗಳನ್ನು ಅವನು ಒಂದರ ಮೇಲೊಂದು ಪೇರಿಸುತ್ತಿದ್ದ. ಇವಳದನ್ನು ಒರೆಸಿ, ಬಿಸಿಲು ಬೀಳದ ಕಡೆ ಒಂದೊಂದಾಗಿ ನಿಲ್ಲಿಸುತ್ತಿದ್ದ.

ಬಂದಾಗ ಅವಳು ಉಳಿದವರ ಹಾಗೆ ಎದುರಿನ ಹೋಟೆಲಿಗೆ ಹೋಗಿ ಕೂರುತ್ತಿರಲಿಲ್ಲ. ಅಂಗಡಿಯೊಳಗೆ ಯಾವುದೋ ಮುರಿದ ಕಾರಿನ ಸೀಟು ಇತ್ತು, ಅದರ ಮೇಲೆ ಕೂತು ಅವನು ಕಾಸಿದ ಗಟ್ಟಿ ಕಾಫಿ ಕುಡಿಯುತ್ತ ಅವನ ಕೈ ನೋಡುತ್ತಿದ್ದಳು. ಅರ್ಧ ಗಂಟೆ. ಅಂದರೆ ವರ್ಷಕ್ಕೆ ಒಂದು ಗಂಟೆ. ಎಂಟು ವರ್ಷಕ್ಕೆ ಎಂಟು ಗಂಟೆ. ಒಂದು ದಿನದ ಕೆಲಸದಷ್ಟು ಹೊತ್ತು ಅವಳನ್ನು ನೋಡಿ, ಉಳಿದ ಎಂಟು ವರ್ಷ ಆ ಮನುಷ್ಯ ಅದನ್ನೇ ಮೆಲುಕು ಹಾಕಿದ್ದ. ನಗಬೇಡಿ, ಅಂಥವರೂ ಇರುತ್ತಾರೆ.

ಒಂದು ಸಲ ಅವಳು ಕೇಳಿದ್ದಳು. "ಅಲ್ಲ ಮೇಸ್ತ್ರಿ, ನೀವು ಪ್ರತಿ ಸಲ ಆ ಮಿಷನ್ನಿಗೆ ಹಾಕಿ ತಿರುಗಿಸ್ತೀರಿ, ಬ್ಯಾಲೆನ್ಸ್ ಅಂತೀರಿ. ಅದು ತಪ್ಪಿದೆ ಅಂತ ನನಗೆ ಹೆಂಗೆ ಗೊತ್ತಾಗಬೇಕು?"

ಅವತ್ತು ಜಿವೋಟಾನಿಗೆ ಎಲ್ಲಿಂದ ಬಂತೋ ಮಾತು. "ಕಾರೇ ಹೇಳತ್ತೆ ನರ್ಸಮ್ಮ. ಸ್ಪೀಡು ತೊಂಬತ್ತು ದಾಟಿದ್ರೆ ನಡುಗಕ್ಕೆ ಶುರು ಮಾಡತ್ತೆ. ಮುಂದಿನ ಚಕ್ರ ಆದ್ರೆ ಸ್ಟೀರಿಂಗ್ ನಡುಗತ್ತೆ, ನಿಮ್ಮ ಕೈಗೆ ಗೊತ್ತಾಗತ್ತೆ. ಹಿಂದಿನದಾದ್ರೆ ಕೂತಲ್ಲಿ ಗೊತ್ತಾಗತ್ತೆ, ಸೀಟಲ್ಲಿ. ನೂರಿಪ್ಪತ್ತಕ್ಕೆ ಹೋದ್ರೆ ಮತ್ತೆ ಗಪ್‌ಚುಪ್. ಜನ ಏನಂದ್ಕೋತಾರೆ, ಸರಿ ಹೋಯ್ತು ಅಂದ್ಕೋತಾರೆ. ಸರಿ ಹೋಗಿರಲ್ಲ. ಒಳಗೊಳಗೇ ಬೇರಿಂಗ್ ತಿಂತಾ ಇರತ್ತೆ. ಆಮೇಲೆ ಟೈರಿನ ಮೇಲೆ ಹಿಂಗೆ ಕೈ ಆಡಿಸಿ ನೋಡಿ. ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ರೆ, ಆವಾಗ್ಲೇ ತಡ ಆಗಿದೆ ಅಂತ ಅರ್ಥ."

"ಎಷ್ಟು ತೂಕ ಹೆಚ್ಚುಕಮ್ಮಿ ಆದ್ರೆ ಇಷ್ಟೆಲ್ಲ ರಂಪ?"

"ಮೂವತ್ತು ಗ್ರಾಂ, ನಲವತ್ತು ಗ್ರಾಂ. ಬೆರಳಷ್ಟು ಸೀಸ ಚಕ್ರದ ಅಂಚಿಗೆ ಬಡಿದ್ರೆ ಸರಿ ಹೋಗತ್ತೆ."

"ಅಷ್ಟೇನಾ?" ಅಂದಳು ಅವಳು. "ನಮ್ಮ ಮುದುಕಿಯರೂ ಹಂಗೇ. ಒಂದು ಮಾತ್ರೆ ತಪ್ಪಿಸಿದ್ರೆ ಸಾಕು." ನಕ್ಕಳು. ಜಿವೋಟಾ ಆ ನಗುವನ್ನು ಏಪ್ರಿಲ್ ತನಕ ಎತ್ತಿಟ್ಟುಕೊಂಡ.

ಇನ್ನು ಅವನ ಆಸೆ ಏನು ಅಂತ ಹೇಳಿಬಿಡುತ್ತೇನೆ. ದೊಡ್ಡದೇನಲ್ಲ. ನವೆಂಬರ್ ಎಂಟು ಸಂತ ಮಿತಾರನ ದಿನ, ಜಿವೋಟಾನ ಮನೆತನದ ಸ್ಲಾವಾ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಆಚರಿಸಿಕೊಂಡು ಬಂದ ಹಬ್ಬ. ಸ್ಲಾವಾಕ್ಕೆ ನಾವು ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬರುವವರು ಬರುತ್ತಾರೆ. ಹೊಸಬರನ್ನು ಮಾತ್ರ ಒಂದು ಸಲ, ಒಂದೇ ಒಂದು ಸಲ, ಬಾಯಿಬಿಟ್ಟು ಕರೆಯಬೇಕು. ಆಮೇಲೆ ಅವರಿಗೆ ಜೀವ ಇರುವ ತನಕ ಆ ಮನೆಯಲ್ಲಿ ಜಾಗ ಇದ್ದ ಹಾಗೆ. ಆ ಒಂದು ಸಲ ಕರೆಯಬೇಕು ಅಂತ ಜಿವೋಟಾ ಎಂಟು ವರ್ಷದಿಂದ ಬಾಯಿ ತೆರೆದು ಮುಚ್ಚುತ್ತಿದ್ದ. ಒಂಟಿ ಗಂಡಸು ಒಂಟಿ ಹೆಂಗಸನ್ನು ಸ್ಲಾವಾಕ್ಕೆ ಕರೆದರೆ ಊರು ಏನು ತಿಳಿಯಬೇಕೋ ಅದನ್ನೇ ತಿಳಿಯುತ್ತದೆ. ಅವಳೂ ತಿಳಿಯುತ್ತಾಳೆ. ಅವಳು ಬೇಡ ಅಂದುಬಿಟ್ಟರೆ, ವರ್ಷಕ್ಕೆ ಸಿಗುತ್ತಿದ್ದ ಆ ಒಂದು ಗಂಟೆಯೂ ಹೋಯಿತು. ಅದಕ್ಕೇ ಪುಕ್ಕಲು.

ಹೋದ ವರ್ಷ ಅವಳು ಬಂದದ್ದು ನವೆಂಬರ್ ನಾಲ್ಕಕ್ಕೆ. ಸ್ಲಾವಾಕ್ಕೆ ನಾಲ್ಕೇ ದಿನ. ಈ ಸಲ ಕೇಳಿಯೇ ಬಿಡಬೇಕು ಅಂತ ಜಿವೋಟಾ ಬೆಳಿಗ್ಗೆ ಗಡ್ಡ ಕೂಡ ಹೆರೆದುಕೊಂಡಿದ್ದ. ಆದರೆ ಅಂಗಡಿ ಬಾಗಿಲಲ್ಲಿ ಆರು ಜನ ಗಂಡಸರು ಕೈ ಕಟ್ಟಿಕೊಂಡು ನಿಂತಿದ್ದರು, ಆರು ಜೊತೆ ಕಿವಿ. ಅದರಲ್ಲೊಬ್ಬ, "ಏನು ಮೇಸ್ತ್ರಿ, ಗಡ್ಡ ತೆಗೆದಿದೀಯಾ, ಹೆಣ್ಣು ನೋಡಕ್ಕೆ ಹೊರಟಿದೀಯಾ?" ಅಂದ. ಮಿಕ್ಕವರು ನಕ್ಕರು. ಜಿವೋಟಾನ ಕಿವಿ ಕೆಂಪಗಾಯಿತು, ನಾಲಿಗೆ ಒಳಗೇ ಮಡಚಿಕೊಂಡಿತು.

ಮುಂದಿನ ಎಡ ಚಕ್ರವನ್ನು ಮಿಷನ್ನಿಗೆ ಹಾಕಿ ತಿರುಗಿಸಿದ. ಕೆಂಪು ಅಂಕಿ ಬಂತು, ನಲವತ್ತು. ಡಬ್ಬಿಯಿಂದ ನಲವತ್ತು ಗ್ರಾಮಿನ ಸೀಸದ ತುಂಡು ತೆಗೆದು ರಿಮ್ಮಿನ ಅಂಚಿಗೆ ಹಿಡಿದ, ಸುತ್ತಿಗೆ ಎತ್ತಿದ. ಆಮೇಲೆ ಯಾಕೋ ಕೈ ತಡೆಯಿತು. ಹಿಂದೆ ಅವಳು ಕಾಫಿ ಊದುವ ಸದ್ದು ಕೇಳುತ್ತಿತ್ತು. ಈಗ ಹೋದರೆ ಇನ್ನು ಏಪ್ರಿಲ್‌ಗೇ. ಐದು ತಿಂಗಳು. ಈ ತುಂಡು ಹಾಕದಿದ್ದರೆ? ನಾಳೆಯೋ ನಾಡಿದ್ದೋ ಸ್ಟೀರಿಂಗ್ ನಡುಗುತ್ತದೆ, ಅವಳಿಗೆ ಗೊತ್ತಾಗುತ್ತದೆ, ತಾನೇ ಹೇಳಿಕೊಟ್ಟಿದ್ದೇನಲ್ಲ, ವಾಪಸ್ ಬರುತ್ತಾಳೆ. ಬೆಳಿಗ್ಗೆ ಬೇಗ ಬರುತ್ತಾಳೆ, ಯಾರೂ ಇರುವುದಿಲ್ಲ. ಆಗ ಕೇಳಿದರಾಯಿತು.

ಮೂವತ್ತು ವರ್ಷದ ಕಸುಬಿನಲ್ಲಿ ಒಂದೇ ಒಂದು ಚಕ್ರಕ್ಕೂ ಮೋಸ ಮಾಡದ ಮನುಷ್ಯ, ಆ ಸೀಸದ ತುಂಡನ್ನು ಮೆಲ್ಲಗೆ ಏಪ್ರನ್ ಜೇಬಿಗೆ ಇಳಿಸಿದ. "ಆಯ್ತು ನರ್ಸಮ್ಮ" ಅಂದ. ದನಿ ತನ್ನದಲ್ಲ ಅನ್ನಿಸಿತು.

"ನಿಮ್ಮ ಕೈಯಲ್ಲಿ ಆಯ್ತು ಅಂದ್ರೆ ಆಯ್ತು ಬಿಡಿ" ಅಂತ ಹೇಳಿ ಅವಳು ಹೋದಳು.

ಐದನೇ ತಾರೀಕು ಬರಲಿಲ್ಲ. ಆರನೇ ತಾರೀಕು ಬರಲಿಲ್ಲ. ರಸ್ತೆಯಲ್ಲಿ ಸಣ್ಣ ಕಾರಿನ ಸದ್ದಾದರೆ ಸಾಕು, ಜಿವೋಟಾನ ಕೈಯಲ್ಲಿದ್ದ ಸ್ಪ್ಯಾನರ್ ನಿಂತುಬಿಡುತ್ತಿತ್ತು. ಏಳನೇ ತಾರೀಕು ಮಧ್ಯಾಹ್ನ ಯಾರದೋ ಟೈರಿಗೆ ಗಾಳಿ ಹೊಡೆಯುತ್ತಿದ್ದಾಗ ಅವನಿಗೆ ಹೊಳೆಯಿತು. ಅವಳು ಓಡಾಡುವುದು ಬೆಟ್ಟದ ಹಾದಿಯಲ್ಲಿ. ಗುಂಡಿ, ತಿರುವು, ಅಡ್ಡ ಬರುವ ಕುರಿಮಂದೆ. ಅಲ್ಲಿ ನಲವತ್ತಕ್ಕಿಂತ ಜೋರಾಗಿ ಹೋದವರು ಯಾರೂ ಹುಟ್ಟಿಲ್ಲ. ಇನ್ನು ತೊಂಬತ್ತು ಎಲ್ಲಿಂದ ಬರಬೇಕು, ಸ್ಟೀರಿಂಗ್ ಹೇಗೆ ನಡುಗಬೇಕು? ಮೂವತ್ತು ವರ್ಷ ಚಕ್ರ ನೋಡಿದವನಿಗೆ ರಸ್ತೆಯೇ ಮರೆತುಹೋಗಿತ್ತು. ತನ್ನ ತಲೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು ಅವನಿಗೆ. ಮೋಸಕ್ಕೆ ಮೋಸವೂ ಆಯಿತು, ಕೆಲಸವೂ ಆಗಲಿಲ್ಲ.

ಮಾರನೆಯ ದಿನ ಸ್ಲಾವಾ. ಅಂಗಡಿ ಶಟರ್ ಎಳೆದು, ರಟ್ಟಿನ ಮೇಲೆ 'ಇವತ್ತು ರಜಾ, ಸ್ಲಾವಾ' ಅಂತ ಬರೆದು ನೇತುಹಾಕಿದ. ಪಾದ್ರಿ ಬಂದು ಪ್ರಾರ್ಥನೆ ಹೇಳಿ, ಹಬ್ಬದ ರೊಟ್ಟಿಗೆ ವೈನ್ ಹನಿಸಿ ಕೊಯ್ದುಕೊಟ್ಟು ಹೋದ. ಸ್ಪಾಸಾ ಎರಡು ದಿನದಿಂದ ಒಲೆ ಮುಂದೆ ನಿಂತು ಕೋಸಿನೆಲೆಯಲ್ಲಿ ಮಾಂಸ ಸುತ್ತಿದ ಸಾರ್ಮಾ ಬೇಯಿಸಿದ್ದಳು. ಸಕ್ಕರೆ, ಅಕ್ರೋಟು ಹಾಕಿ ಬೇಯಿಸಿದ ಗೋಧಿ ಬಾಗಿಲ ಬಳಿ ಇತ್ತು, ಬಂದವರು ಒಂದೊಂದು ಚಮಚ ತಿಂದು ಒಳಗೆ ಬರುತ್ತಿದ್ದರು. ಆ ದಿನ ಮನೆಯ ಯಜಮಾನ ಕೂರುವ ಹಾಗಿಲ್ಲ, ಬಂದವರಿಗೆಲ್ಲ ನಿಂತು ಬಡಿಸಬೇಕು. ಜಿವೋಟಾ ಬಿಳಿ ಶರ್ಟು ಹಾಕಿಕೊಂಡು, ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿ ಹಿಡಿದು, ಮಧ್ಯಾಹ್ನದಿಂದ ಅಲ್ಲಿಂದಿಲ್ಲಿಗೆ ಓಡಾಡಿದ. ಪ್ರತಿ ಸಲ ಬಾಗಿಲು ಕಿರ್ ಅಂದಾಗ ತಿರುಗಿ ನೋಡುತ್ತಿದ್ದ.

"ಯಾರಿಗೋ ಕಾಯ್ತಿದೀಯಾ?" ಅಂದಳು ಸ್ಪಾಸಾ.

"ಯಾರಿಗೂ ಇಲ್ಲಕ್ಕ."

"ಮತ್ತೆ ಆ ಪಕ್ಕದ ಮನೆ ಮಿಲುಟಿನ್ನನ ಗ್ಲಾಸು ತುಂಬಿ ತುಂಬಿ ಮೇಜಿಗೆ ಚೆಲ್ತಿದೀಯಲ್ಲೋ. ಅವನು ನಿನ್ನ ಹೆಸರು ಹೇಳಿಕೊಂಡು ಮೇಜು ನೆಕ್ಕಬೇಕಾ?"

ಸಂಜೆ ಹೊತ್ತಿಗೆ ಎಲ್ಲರೂ ಹೋದರು. ಅವಳನ್ನು ಕರೆದೇ ಇರಲಿಲ್ಲ, ಇನ್ನು ಬರುವುದೆಲ್ಲಿಂದ ಅಂತ ಜಿವೋಟಾ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ಕತ್ತಲಾಗುವ ತನಕ ಬಾಗಿಲು ಹಾಕಲಿಲ್ಲ.

ಆ ಚಳಿಗಾಲ ಅವನು ನೆಟ್ಟಗೆ ನಿದ್ದೆ ಮಾಡಲಿಲ್ಲ. ಆ ಚಕ್ರ ಅವನ ತಲೆಯಲ್ಲೇ ತಿರುಗುತ್ತಿತ್ತು. ಅವಳ ಫೋನ್ ನಂಬರ್ ಅಂಗಡಿ ಪುಸ್ತಕದಲ್ಲಿತ್ತು. ಏನಂತ ಹೇಳುವುದು? ನಿಮ್ಮ ಕಾರು ಕೆಡಿಸಿದ್ದೇನೆ, ಬನ್ನಿ ಅಂತಲೇ? ಜನವರಿಯಲ್ಲಿ ಒಂದು ದಿನ ಆಸ್ಪತ್ರೆ ಮುಂದೆ ಅವಳ ನೀಲಿ ಕಾರು ನಿಂತಿತ್ತು. ಬಗ್ಗಿ ಮುಂದಿನ ಎಡ ಚಕ್ರ ಮುಟ್ಟಿ ನೋಡಬೇಕು, ಸವೆದಿದೆಯೋ ಏನೋ ಅಂತ ಎರಡು ಸಲ ಅದರ ಪಕ್ಕದಲ್ಲೇ ಸುತ್ತಿದ. ಔಷಧಿ ಅಂಗಡಿಯವಳು ಕಿಟಕಿಯಿಂದ ನೋಡಿದಳು. ಅವನು ಬೇರೇನೋ ಮರೆತವನ ಹಾಗೆ ಜೇಬು ತಟ್ಟಿಕೊಂಡು ನಡೆದುಬಿಟ್ಟ. ಅವಳನ್ನು ನೋಡಬೇಕು ಅನ್ನುವ ಆಸೆ ಎಷ್ಟಿತ್ತೋ, ಅವಳ ಕಣ್ಣಿಗೆ ಬೀಳಬಾರದು ಅನ್ನುವ ನಾಚಿಕೆಯೂ ಅಷ್ಟೇ ಇತ್ತು. ಎರಡರ ನಡುವೆ ಮನುಷ್ಯ ಬಡವಾದ.

ಏಪ್ರಿಲ್ ಹನ್ನೊಂದಕ್ಕೆ ಅವಳು ಬಂದಳು. ಬೆಳಿಗ್ಗೆ ಎಂಟು ಗಂಟೆ, ಸಾಲಿನಲ್ಲಿ ಒಬ್ಬನೂ ಇಲ್ಲ. ಕೂದಲು ಸ್ವಲ್ಪ ಗಿಡ್ಡ ಮಾಡಿಸಿದ್ದಳು. "ಚೆನ್ನಾಗಿದ್ದೀರಾ ಮೇಸ್ತ್ರಿ?" ಅಂತ ಕೇಳಿ ಸೀಟಿನ ಮೇಲೆ ಕೂತಳು. ಜಿವೋಟಾ ಕಾಫಿ ಕೊಟ್ಟು, ಕಾರು ಎತ್ತಿ, ನೇರ ಮುಂದಿನ ಎಡ ಚಕ್ರಕ್ಕೇ ಕೈ ಹಾಕಿದ. ಬಿಚ್ಚಿ ತಿರುಗಿಸಿದವನು ಹಾಗೇ ನಿಂತ.

ರಿಮ್ಮಿನ ಒಳಮೈಗೆ ಬೂದು ಬಣ್ಣದ ಪುಟ್ಟ ತುಂಡುಗಳು ಸಾಲಾಗಿ ಅಂಟಿದ್ದವು. ಐದೈದು ಗ್ರಾಮಿನವು, ಎಂಟು. ಜಿವೋಟಾ ಅಂಟಿಸುವ ಜಾತಿಯವನಲ್ಲ, ಅವನದು ಏನಿದ್ದರೂ ಅಂಚಿಗೆ ಬಡಿದು ಕೂರಿಸುವ ಸೀಸ. ಇದು ಬೇರೆಯವನ ಕೈ. ಕೆಲಸ ಚೊಕ್ಕವಾಗಿತ್ತು, ಅದು ಇನ್ನಷ್ಟು ಉರಿಸಿತು.

"ಇದನ್ನ ಯಾರು ಹಾಕಿದ್ದು?"

"ಅಯ್ಯೋ, ಅದಾ. ನಿಶ್‌ನಲ್ಲಿ ಒಬ್ಬ." ಅವಳು ಕಪ್ಪು ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ಏಳನೇ ತಾರೀಕು ನಿಶ್‌ನಲ್ಲಿ ನಮ್ಮ ನರ್ಸುಗಳ ಮೀಟಿಂಗ್ ಇತ್ತು. ಹೆದ್ದಾರಿಗೆ ಹತ್ತಿ ತೊಂಬತ್ತೈದು ದಾಟಿದ್ದೇ ತಡ, ಕೈ ಗಡಗಡ ಅಂತು. ನೀವು ಹೇಳಿಕೊಟ್ಟ ಹಂಗೇ. ನನಗೆ ನಗು ಬಂತು. ಓಹೋ, ನಮ್ಮ ಮೇಸ್ತ್ರಿನೂ ತಪ್ಪು ಮಾಡ್ತಾರೆ, ಹೋಗಿ ರೇಗಿಸಬೇಕು ಅಂದ್ಕೊಂಡೆ. ಮಾರನೇ ದಿನವೇ ಬಂದೆ."

"ಮಾರನೇ ದಿನ?"

"ಎಂಟನೇ ತಾರೀಕು. ಅಂಗಡಿ ಮುಚ್ಚಿತ್ತು, ಬೋರ್ಡು ನೇತಾಕಿದ್ರಲ್ಲ."

ಜಿವೋಟಾ ಕೈಯಲ್ಲಿದ್ದ ಚಕ್ರವನ್ನು ನೆಲಕ್ಕೆ ಇಳಿಸಿದ. ಇಳಿಸದಿದ್ದರೆ ಬೀಳುತ್ತಿತ್ತು.

"ಒಳಗೆ ಬರಬೇಕಿತ್ತು" ಅಂದ.

"ಯಾರು ಕರೆದಿದ್ರು?" ಅವಳ ದನಿಯಲ್ಲಿ ಆಕ್ಷೇಪ ಇರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. "ಟೈರಿನ ದೂರು ಹೊತ್ಕೊಂಡು ಸ್ಲಾವಾ ಮನೆಗೆ ನುಗ್ಗಕ್ಕಾಗತ್ತಾ? ಗೇಟಿನ ಹತ್ರ ಸ್ವಲ್ಪ ಹೊತ್ತು ನಿಂತಿದ್ದೆ. ಒಳ್ಳೇ ಸಾರ್ಮಾ ವಾಸನೆ ಬರ್ತಿತ್ತು. ಕಿಟಕಿಯಲ್ಲಿ ನಿಮ್ಮ ಬೆನ್ನು ಕಾಣ್ತಿತ್ತು, ಬಿಳಿ ಶರ್ಟು. ನಿಮ್ಮನ್ನ ಬಿಳಿ ಶರ್ಟಲ್ಲಿ ನೋಡಿದ್ದೇ ಅವತ್ತು. ಇವರು ಇಷ್ಟು ಎತ್ತರ ಇದ್ದಾರಾ ಅನ್ನಿಸ್ತು. ಆಮೇಲೆ ಹೊರಟೆ. ಮತ್ತೊಂದು ಸಲ ನಿಶ್‌ಗೆ ಹೋದಾಗ ಅಲ್ಲೇ ಸರಿ ಮಾಡಿಸ್ದೆ. ಸರಿಯಾದ ಮೇಲೆ ಇಲ್ಲಿಗೆ ಬರಕ್ಕೆ ಕಾರಣ ಇರಲಿಲ್ಲ."

ತಾನು ಬಾಗಿಲು ನೋಡಿದ್ದು ಎಷ್ಟು ಸಲವೋ, ಆ ಒಂದು ಗಳಿಗೆ ಮಾತ್ರ ಬೆನ್ನು ತಿರುಗಿಸಿ ನಿಂತಿದ್ದೆನಲ್ಲ ಅಂತ ಜಿವೋಟಾನಿಗೆ ಅಳು ಬಂದ ಹಾಗಾಯಿತು. ಸುಮ್ಮನಿದ್ದರೆ ಅವಳು ಆ ಚಕ್ರ ಕೈತಪ್ಪಿ ಹಾಗಾಯಿತು ಅಂತಲೇ ತಿಳಿದು ಹೋಗುತ್ತಿದ್ದಳು. ಅವನಿಗೆ ಸುಮ್ಮನಿರಲು ಆಗಲಿಲ್ಲ.

"ಅದು ತಪ್ಪಿ ಆಗಿದ್ದಲ್ಲ ನರ್ಸಮ್ಮ. ಬೇಕಂತಲೇ ಬಿಟ್ಟೆ."

"ಏನು ಬಿಟ್ರಿ?"

"ನಲವತ್ತು ಗ್ರಾಂ. ಕೈಯಲ್ಲಿ ಹಿಡ್ಕೊಂಡಿದ್ದೆ, ಹಾಕಲಿಲ್ಲ. ಕಾರು ನಡುಗಿದ್ರೆ ನೀವು ವಾಪಸ್ ಬರ್ತೀರಿ ಅಂತ."

ಅವಳು ಎದ್ದು ನಿಂತಳು. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. "ಆ ಕಾರಲ್ಲಿ ನಾನು ರೋಗಿಗಳನ್ನ ಕೂರಿಸ್ಕೊಂಡು ಹೋಗ್ತೀನಿ ಜಿವೋಟಾ." ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು, ಅದೂ ಬೈಯಲು. "ನಾನು ಅರ್ಧ ಇಂಜೆಕ್ಷನ್ ಕೊಟ್ಟು, ನಾಳೆ ನೋವು ಜಾಸ್ತಿ ಆಗಲಿ, ಮತ್ತೆ ನನ್ನನ್ನೇ ಕರೀಲಿ ಅಂತ ಬಂದುಬಿಟ್ರೆ ನೀವೇನಂತೀರಿ? ಮನುಷ್ಯಳು ಅಂತೀರಾ ನನ್ನ?"

"ಇಲ್ಲ."

"ನಿಮ್ಮ ಕೈಯನ್ನ ಎಷ್ಟು ನಂಬಿದ್ದೆ ನಾನು."

"ಗೊತ್ತು."

"ಬಾಯಿ ಇರಲಿಲ್ವಾ ನಿಮಗೆ?"

"ಇತ್ತು. ಬಾಗಿಲಲ್ಲಿ ಆರು ಜನ ಇದ್ರು."

"ಇವತ್ತು ಎಷ್ಟು ಜನ ಇದ್ದಾರೆ?"

ಜಿವೋಟಾ ಬಾಗಿಲ ಕಡೆ ನೋಡಿದ. ರಸ್ತೆ ಖಾಲಿ ಇತ್ತು. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ, ಸಿಗಲಿಲ್ಲ, ಪ್ಯಾಂಟಿಗೇ ಒರೆಸಿಕೊಂಡ.

"ನವೆಂಬರ್ ಎಂಟು ನಮ್ಮ ಮನೆ ಸ್ಲಾವಾ" ಅಂದ. "ನೀವು ಬರಬೇಕು. ಎಂಟು ವರ್ಷದಿಂದ ಕರೀಬೇಕು ಅಂತಿದ್ದೆ. ಹೆದರಿಕೆ ಆಗ್ತಿತ್ತು, ಬೇಡ ಅಂದ್ರೆ ಇದೂ ಹೋಗತ್ತೆ ಅಂತ. ನೀವು ಬಂದು ಕೂತ್ಕೊಳೋ ಅರ್ಧ ಗಂಟೆ ಇದೆಯಲ್ಲ, ನನಗೆ ವರ್ಷದಲ್ಲಿ ಇರೋದು ಅದೊಂದೇ."

ಅವಳು ಹೊರಗೆ ಹೋಗಿ ಗೇಟಿನ ಬಳಿ ನಿಂತಳು, ಅಲ್ಲಿಂದ ಮನೆಯ ಕಿಟಕಿ ಕಾಣುತ್ತದೆ. ಜಿವೋಟಾ ನಾಲ್ಕು ಬೇಸಿಗೆ ಚಕ್ರಗಳನ್ನೂ ಒಂದೊಂದಾಗಿ ಮಿಷನ್ನಿಗೆ ಹಾಕಿ, ಸೊನ್ನೆ ಬರುವ ತನಕ ಬಿಡದೆ ತೂಗಿಸಿದ. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಕೆಲಸ ಮುಗಿಸಿ, ಬಿಚ್ಚಿದ ಚಳಿಗಾಲದ ಚಕ್ರ ಎರಡನ್ನು ಎತ್ತಿಕೊಂಡು ಅಟ್ಟದ ಏಣಿಗೆ ಕಾಲಿಟ್ಟ.

"ಅಟ್ಟಕ್ಕೆ ಬೇಡ" ಅಂದಳು ಅವಳು ಹಿಂದಿನಿಂದ. "ಕಾರಿಗೆ ಹಾಕಿ."

"ಕಾರಿಗಾ?"

"ನಾಲ್ಕನ್ನೂ. ನಮ್ಮ ಮನೆ ಶೆಡ್ಡಲ್ಲಿ ಜಾಗ ಇದೆ."

ಜಿವೋಟಾ ಏಣಿಯಿಂದ ಕಾಲು ಕೆಳಗಿಟ್ಟ. ಚಕ್ರ ಒಯ್ದವರು ಮತ್ತೆ ಬರುವುದಿಲ್ಲ, ಈ ಕಸುಬಿನಲ್ಲಿ ಅದಕ್ಕೆ ಬೇರೆ ಅರ್ಥವಿಲ್ಲ. ಅವನು ತನಗೆ ಇದು ಆಗಬೇಕಾದ್ದೇ ಅಂದುಕೊಂಡು ಹಿಂದಿನ ಸೀಟು ಮಡಚಿದ, ಮೂರು ಚಕ್ರ ಹಿಂದೆ ಹೊಂದಿಸಿದ, ನಾಲ್ಕನೆಯದನ್ನು ಬಟ್ಟೆ ಹಾಸಿ ಮುಂದಿನ ಸೀಟಿನ ಮೇಲೆ ಕೂರಿಸಿದ. ಅಲ್ಲಾಡದ ಹಾಗೆ ಬೆಲ್ಟನ್ನೂ ಕಟ್ಟಿದ. ಅವಳು ಅದೆಲ್ಲವನ್ನೂ ನೋಡುತ್ತ ನಿಂತಿದ್ದಳು.

"ಕೋಪ ಇಳಿದಿಲ್ಲ ನನಗೆ" ಅಂದಳು. "ಇಳಿಯಕ್ಕೆ ಹೊತ್ತು ಬೇಕು. ಆದ್ರೆ ಇನ್ನೊಂದು ಮಾತಿದೆ, ಅದನ್ನೂ ಹೇಳ್ತೀನಿ. ಶೆಡ್ಡಲ್ಲಿ ಜಾಗ ಎಂಟು ವರ್ಷದಿಂದ್ಲೂ ಇತ್ತು. ಚಕ್ರ ಇಲ್ಲಿವೆ, ಅದಕ್ಕೆ ಹೋಗ್ತಿದೀನಿ ಅಂತ ನನಗೆ ನಾನೇ ಹೇಳ್ಕೊಂಡು ಬರ್ತಿದ್ದೆ. ನೀವು ಸೀಸ ಬಚ್ಚಿಟ್ರಿ, ನಾನು ಇದನ್ನ ಬಚ್ಚಿಟ್ಟೆ. ಇನ್ನು ಸಾಕು. ಇಲ್ಲಿ ನಂದೇನೂ ಇರೋದು ಬೇಡ. ಬಂದ್ರೆ, ಬರಬೇಕು ಅಂತ ಬರ್ತೀನಿ. ಬರದಿದ್ರೆ, ಬರಲಿಲ್ಲ ಅಂತ ತಿಳ್ಕೊಳ್ಳಿ."

ಕಾರಿಗೆ ಹತ್ತಿ ಬಾಗಿಲು ಎಳೆದುಕೊಂಡಳು. ಬೀಗದ ಕೈ ತಿರುಗಿಸಿ, ಆಮೇಲೆ ಕಿಟಕಿ ಗಾಜು ಇಳಿಸಿದಳು.

"ಜನ ಎಷ್ಟು ಹೊತ್ತಿಗೆ ಬರ್ತಾರೆ?"

"ಮಧ್ಯಾಹ್ನದಿಂದ" ಅಂದ ಜಿವೋಟಾ. "ನಾನು ಬೆಳಿಗ್ಗೆಯಿಂದಲೇ ಇರ್ತೀನಿ."

ಅವಳು ತಲೆಯಾಡಿಸಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಕಾರು ಊರ ಕಡೆ ತಿರುಗಿ ಹೋಯಿತು. ಜಿವೋಟಾ ರಸ್ತೆಯಲ್ಲೇ ನಿಂತಿದ್ದ. ಏಪ್ರಿಲ್‌ನಿಂದ ನವೆಂಬರ್‌ಗೆ ಏಳು ತಿಂಗಳು. ಎಂಟು ವರ್ಷ ಅವನು ಕಾದಿದ್ದ ನಿಜ, ಆದರೆ ಅವಳು ಬಂದೇ ಬರುತ್ತಾಳೆ ಅಂತ ಗೊತ್ತಿದ್ದು ಕಾದಿದ್ದ. ಹಾಗೆ ಕಾಯುವುದು ಎಷ್ಟು ಸುಲಭ ಇತ್ತು ಅಂತ ಅವನಿಗೆ ಈಗ ಗೊತ್ತಾಯಿತು.